ಹಸೆಗೋಡೆಯ ಬಣ್ಣ ಹೋಯಿತು, ಬಂಡೆಯ ಬಣ್ಣ ಹೇಗೆ ಉಳಿಯಿತು? ಗವಿಚಿತ್ರಗಳ ಬಗ್ಗೆ ಮೊದಲಿಂದ

ಕಳೆದ ದಸರಾ ರಜೆಯಲ್ಲಿ ಸಾಗರದ ಹತ್ತಿರ ಒಂದು ಹಳ್ಳಿಯ ಮನೆಗೆ ಹೋಗಿದ್ದೆ. ಜಗಲಿಯ ಗೋಡೆ ಮೇಲೆ ಎರಡು ವರ್ಷದ ಹಿಂದೆ ಮದುವೆಗೆಂದು ಬರೆದ ಹಸೆ ಚಿತ್ತಾರ ಇತ್ತು. ಒಳಗಿನ ಅರ್ಧ ಚೆನ್ನಾಗೇ ಇತ್ತು. ಇರಚಲು ಹೊಡೆಯುವ ಮೂಲೆಯಲ್ಲಿ ಮಾತ್ರ ಬಿಳಿ ಗೆರೆಗಳೆಲ್ಲ ಕರಗಿ ಬರೀ ಕೆಮ್ಮಣ್ಣು ಉಳಿದಿತ್ತು. ಆ ಮನೆಯ ಹುಡುಗಿ ಆರನೇ ಕ್ಲಾಸು. ಭೀಮ್‌ಬೇಟ್ಕಾದ ಬಂಡೆಚಿತ್ರಗಳ ಫೋಟೊ ನೋಡಿದ್ದಳು. ಗೋಡೆ ತೋರಿಸಿ ಕೇಳಿದಳು: "ಇದು ಎರಡು ಮಳೆಗಾಲ ತಡೀಲಿಲ್ಲ. ಅದು ಸಾವಿರಾರು ವರ್ಷ ಹೇಗೆ ಉಳೀತು?"

ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಮಳೆ ಮುಗಿದು ಬಾದಾಮಿ, ಹಂಪಿ ಕಡೆ ಟೂರ್ ಹೊರಡುವ ಕಾಲಕ್ಕೆ ನಮ್ಮ ಕಡೆಯವರು ಈಗ ದೇವಸ್ಥಾನದ ಜೊತೆಗೆ ಈ ಹಳೆಯ ಚಿತ್ರಗಳ ಬಗ್ಗೆಯೂ ವಿಚಾರಿಸುತ್ತಾರೆ. ಎಲ್ಲಿವೆ, ಯಾರು ಬರೆದದ್ದು, ಎಷ್ಟು ಹಳೆಯವು, ನಮ್ಮ ಮಲೆನಾಡಲ್ಲಿ ಯಾಕಿಲ್ಲ ಅಂತ. ಆ ಹುಡುಗಿಯ ಪ್ರಶ್ನೆಯನ್ನೇ ಹಿಡಿದುಕೊಂಡು ಒಂದೊಂದಾಗಿ ನೋಡೋಣ.

ಗುಹೆ ಬೇರೆ, ಕಲ್ಲಾಸರೆ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಗುಹೆ ಅಂದ ತಕ್ಷಣ ಬಾದಾಮಿಯ ಮೂರನೇ ಗುಹೆ ನೆನಪಾಗುತ್ತದೆ. ಅದು ಮನುಷ್ಯರು ಉಳಿ ಹಿಡಿದು ಕೊರೆದ ದೇವಾಲಯ, ಅಲ್ಲಿನ ಶಾಸನದಲ್ಲಿ ಕಾಲವೂ ಇದೆ, ಕ್ರಿ.ಶ. 578. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಗಾಳಿ, ನೀರು, ಬಿಸಿಲು ಸೇರಿ ತಾವೇ ಮಾಡಿದ ಜಾಗಗಳ ಬಗ್ಗೆ.

ಇವುಗಳಲ್ಲೂ ಎರಡು ಬಗೆ. ನೆಲದೊಳಗೆ ಕತ್ತಲಿಗೆ ಇಳಿಯುವುದು ಗವಿ. ಬಂಡೆಯ ಬುಡ ಒಳಕ್ಕೆ ಸವೆದು, ತಲೆ ಮಾತ್ರ ಮುಂದಕ್ಕೆ ಚಾಚಿಕೊಂಡು, ಕೆಳಗೆ ನಾಲ್ಕು ಜನ ಕೂರುವಷ್ಟು ನೆರಳು ಸಿಕ್ಕರೆ ಅದು ಕಲ್ಲಾಸರೆ. ನಮ್ಮ ಮನೆಯ ಸೂರಿನ ಕೆಳಗಿನ ಜಗಲಿ ಇದ್ದ ಹಾಗೆ. ಮೂರು ಕಡೆ ಗೋಡೆ ಬೇಕಿಲ್ಲ, ಮೇಲೊಂದು ಮಾಡು ಇದ್ದರೆ ಸಾಕು. ಭಾರತದಲ್ಲಿ ಗವಿಚಿತ್ರ ಅಂತ ಕರೆಯುವುದರಲ್ಲಿ ಬಹುಪಾಲು ಇಂಥ ಕಲ್ಲಾಸರೆಗಳಲ್ಲೇ ಇರುವುದು, ಬೆಳಕು ಬೀಳುವ ಜಾಗದಲ್ಲಿ. ಫ್ರಾನ್ಸ್, ಸ್ಪೇನಿನ ಹೆಸರಾದ ಚಿತ್ರಗಳಲ್ಲಿ ಹಲವು ಮಾತ್ರ ನಿಜವಾಗಿಯೂ ಕತ್ತಲ ಗವಿಯೊಳಗಿವೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಪದ: ಕುಟ್ಟುಚಿತ್ರ. ಬಣ್ಣ ಹಚ್ಚಿದ್ದಲ್ಲ, ಬಂಡೆಯ ಮೇಲ್ಮೈಯನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರ. ಬಂಡೆಯ ಕಪ್ಪು ಹೊರಪದರ ಹೋಗಿ ಒಳಗಿನ ತಿಳಿಬಣ್ಣ ಕಾಣುತ್ತದೆ. ಬಳ್ಳಾರಿ ಹತ್ತಿರದ ಕುಪ್ಪಗಲ್ಲು ಗುಡ್ಡದಲ್ಲಿ ಇಂಥವು ರಾಶಿ ರಾಶಿ ಇವೆ.

ಬಣ್ಣ ಎಲ್ಲಿಂದ ತಂದರು?

ಹಸೆ ಚಿತ್ತಾರಕ್ಕೆ ನಮ್ಮ ಕಡೆ ದೀವರ ಹೆಂಗಸರು ಏನೇನು ಬಳಸುತ್ತಾರೆ ನೋಡಿ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರಕಾಗುವ ತನಕ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಒಂದೂ ಇಲ್ಲ, ಎಲ್ಲ ಹಿತ್ತಲಲ್ಲಿ, ಗದ್ದೆಯಲ್ಲಿ ಸಿಗುವುದೇ.

ಆ ಕಾಲದವರೂ ಕಾಲ ಕೆಳಗೆ ಸಿಕ್ಕಿದ್ದನ್ನೇ ಬಳಸಿದರು. ಕೆಂಪಿಗೆ ಹೆಮಟೈಟ್ ಅನ್ನುವ ಕಬ್ಬಿಣದ ಅದಿರು, ಅಥವಾ ಅದು ಸೇರಿರುವ ಕೆಂಪು ಮಣ್ಣು. ಬಿಳಿಗೆ ಸುಣ್ಣದ ಅಂಶದ ಕಲ್ಲು ಅಥವಾ ಬಿಳಿ ಜೇಡಿ. ಕಪ್ಪಿಗೆ ಇದ್ದಿಲು ಅಥವಾ ಮ್ಯಾಂಗನೀಸ್. ಇವನ್ನು ಕಲ್ಲಿನ ಮೇಲೆ ತೇಯ್ದು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಬೆರಳಿಂದಲೋ ತುದಿ ಜಗಿದ ಕಡ್ಡಿಯಿಂದಲೋ ಎಳೆದರೆ ಗೆರೆ ಮೂಡುತ್ತದೆ. ಅಂಟಿಗೆ ಮರದ ಗೋಂದು, ಪ್ರಾಣಿಯ ಕೊಬ್ಬು ಸೇರಿಸಿದ್ದೂ ಇರಬಹುದು.

ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅಕ್ಕಿ ಹಿಟ್ಟು ತಿನ್ನುವ ವಸ್ತು. ಅದಕ್ಕೆ ಬೂಷ್ಟು ಬರುತ್ತದೆ, ಇರುವೆ ಬರುತ್ತದೆ, ನೀರು ಬಿದ್ದರೆ ಕರಗುತ್ತದೆ. ಅಡಿಕೆ ಚೊಗರು ಬಟ್ಟೆಗೆ ಹಿಡಿದರೆ ಬಿಡುವುದೇ ಇಲ್ಲ ಅನ್ನುತ್ತೇವೆ, ಆದರೆ ಅದೂ ಬಿಸಿಲಿಗೆ ಹಾಕಿ ಹಾಕಿ ಮಾಸುತ್ತದೆ, ಯಾಕೆಂದರೆ ಅದು ಗಿಡದಿಂದ ಬಂದ ಬಣ್ಣ. ಹೆಮಟೈಟ್ ಹಾಗಲ್ಲ. ಅದು ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದು, ಸುಮಾರಾಗಿ ಹೇಳಬೇಕೆಂದರೆ ತುಕ್ಕಿನ ಜಾತಿಯದು. ತುಕ್ಕಿಗೆ ಮತ್ತೆ ತುಕ್ಕು ಹಿಡಿಯುವುದಿಲ್ಲ. ಬಿಸಿಲಿಗೆ ಮಾಸುವುದಿಲ್ಲ, ಹುಳ ತಿನ್ನುವುದಿಲ್ಲ, ನೀರಲ್ಲಿ ಕರಗುವುದಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ರಸ್ತೆ ಪಕ್ಕದ ಧರೆ ಕೆಂಪಗೆ ಕಾಣುತ್ತದಲ್ಲ, ಅದಕ್ಕೆ ಕಾರಣವೂ ಇದೇ ಕಬ್ಬಿಣದ ಅಂಶ. ಎಷ್ಟು ಮಳೆ ಹೊಯ್ದರೂ ಮಣ್ಣು ಕೊಚ್ಚಿಹೋಗುತ್ತದೆಯೇ ಹೊರತು ಕೆಂಪು ಬೆಳ್ಳಗಾಗುವುದಿಲ್ಲ.

ಬಣ್ಣ ಗಟ್ಟಿ ಸರಿ, ಅಂಟಿಕೊಂಡು ನಿಂತದ್ದು ಹೇಗೆ?

ಇದು ಇನ್ನರ್ಧ. ಕರಗದಿದ್ದರೂ ಉದುರಬಹುದಲ್ಲ?

ಉದುರಿವೆ. ಇವತ್ತು ನಮಗೆ ಕಾಣುವುದು ಉಳಿದದ್ದು ಮಾತ್ರ. ಬಯಲಲ್ಲಿದ್ದ ಬಂಡೆಗಳ ಮೇಲೂ ಅವರು ಬರೆದಿರಬಹುದು, ಅವೆಲ್ಲ ತೊಳೆದುಹೋಗಿರುತ್ತವೆ. ಉಳಿದದ್ದು ಮೇಲೆ ಮಾಡು ಇದ್ದ ಕಡೆ. ಮಳೆ ನೇರ ಬೀಳದ, ಇರಚಲು ತಾಗದ, ಮೇಲಿನಿಂದ ನೀರು ಸೋರದ ಗೋಡೆಗಳಲ್ಲಿ.

ಜೊತೆಗೆ ಬಂಡೆಯೂ ಸಹಾಯ ಮಾಡುತ್ತದೆ. ಮರಳುಗಲ್ಲಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನುಣ್ಣಗೆ ತೇಯ್ದ ಬಣ್ಣ ಅದರೊಳಗೆ ಇಳಿದು ಕೂರುತ್ತದೆ. ಸಾವಿರಾರು ವರ್ಷಗಳಲ್ಲಿ ಕಲ್ಲಿನೊಳಗಿಂದ ಹನಿ ಹನಿಯಾಗಿ ಬಂದ ಖನಿಜಗಳು ಚಿತ್ರದ ಮೇಲೆ ತೆಳ್ಳನೆಯ ಪೊರೆ ಕಟ್ಟುವುದೂ ಉಂಟು. ಸ್ಟೀಲ್ ಕೊಡದ ಒಳಗೆ ಬಿಸಿನೀರಿನ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಪೊರೆ ತೆಳ್ಳಗಿದ್ದರೆ ಕಾವಲು. ದಪ್ಪವಾದರೆ ಅದೇ ಚಿತ್ರವನ್ನು ಮುಚ್ಚಿಬಿಡುತ್ತದೆ.

ಎಷ್ಟು ಹಳೆಯದು ಅಂತ ಹೇಗೆ ಗೊತ್ತಾಗುತ್ತದೆ?

ಇದೇ ಕಷ್ಟದ ಭಾಗ, ಜನ ಜಾಸ್ತಿ ತಪ್ಪು ತಿಳಿಯುವುದೂ ಇಲ್ಲೇ.

ಹಳೆಯ ವಸ್ತುಗಳ ವಯಸ್ಸು ಅಳೆಯುವ ಒಂದು ದಾರಿ ಇಂಗಾಲ-14. ಜೀವ ಇರುವ ಎಲ್ಲದರೊಳಗೂ ಈ ಬಗೆಯ ಇಂಗಾಲ ಸ್ವಲ್ಪ ಇರುತ್ತದೆ. ಜೀವ ಹೋದ ಮೇಲೆ ಹೊಸದಾಗಿ ಸೇರುವುದು ನಿಲ್ಲುತ್ತದೆ, ಇದ್ದದ್ದು ನಿಧಾನಕ್ಕೆ ಕಮ್ಮಿಯಾಗುತ್ತದೆ, ಸುಮಾರು 5,730 ವರ್ಷಕ್ಕೆ ಅರ್ಧ. ಉಳಿದದ್ದೆಷ್ಟು ಅಂತ ಅಳೆದರೆ ಸತ್ತು ಎಷ್ಟು ಕಾಲವಾಯಿತು ಅಂತ ಹೇಳಬಹುದು. ಹಸೆ ಚಿತ್ತಾರದ ಅಕ್ಕಿ ಹಿಟ್ಟಿಗೆ ಈ ಲೆಕ್ಕ ನಡೆಯುತ್ತದೆ, ಇದ್ದಿಲಿಗೂ ನಡೆಯುತ್ತದೆ. ಆದರೆ ಹೆಮಟೈಟ್ ಯಾವತ್ತೂ ಜೀವ ಇದ್ದ ವಸ್ತು ಅಲ್ಲ. ಅದರಲ್ಲಿ ಅಳೆಯಲು ಇಂಗಾಲವೇ ಇಲ್ಲ. ಚಿತ್ರವನ್ನು ಉಳಿಸಿದ ಗುಣವೇ ಅದರ ವಯಸ್ಸನ್ನು ಮುಚ್ಚಿಟ್ಟಿದೆ.

ಹಾಗಾಗಿ ಸುತ್ತು ದಾರಿ ಹಿಡಿಯಬೇಕು. ಸುಣ್ಣಕಲ್ಲಿನ ಗವಿಗಳಲ್ಲಿ ಚಿತ್ರದ ಮೇಲೆ ಕಟ್ಟಿದ ಸುಣ್ಣದ ಪೊರೆಯಲ್ಲಿ ಯುರೇನಿಯಂ ಅಂಶ ಇರುತ್ತದೆ, ಅದು ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತದೆ. ಪೊರೆಯ ವಯಸ್ಸು ಸಿಕ್ಕರೆ ಅದರ ಕೆಳಗಿನ ಚಿತ್ರ ಅದಕ್ಕಿಂತ ಹಳೆಯದು ಅನ್ನುವುದು ಖಚಿತ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಒಂದು ಚಿತ್ರಕ್ಕೆ ಹೀಗೆ ಪೊರೆಯ ಕಾಲ ಅಳೆದು, ಕಮ್ಮಿ ಅಂದರೂ 51,200 ವರ್ಷ ಅಂತ 2024ರಲ್ಲಿ ಪ್ರಕಟಿಸಿದರು. "ಕಮ್ಮಿ ಅಂದರೂ" ಅನ್ನುವ ಮಾತು ಇಲ್ಲಿ ಮುಖ್ಯ.

ನಮ್ಮ ಮರಳುಗಲ್ಲು, ಗ್ರಾನೈಟ್ ಬಂಡೆಗಳಲ್ಲಿ ಆ ಅನುಕೂಲವೂ ಕಮ್ಮಿ. ಅಲ್ಲಿ ಒಂದರ ಮೇಲೊಂದು ಬರೆದದ್ದನ್ನು ನೋಡುತ್ತಾರೆ. ಹಳೆಯ ಮನೆಯ ಗೋಡೆ ಕೆರೆದರೆ ನೀಲಿ ಸುಣ್ಣದ ಕೆಳಗೆ ಹಳದಿ, ಅದರ ಕೆಳಗೆ ಕೆಮ್ಮಣ್ಣು ಸಿಗುತ್ತದಲ್ಲ, ಅದೇ ಲೆಕ್ಕ. ಕೆಳಗಿನದು ಮೊದಲಿನದು. ಆಮೇಲೆ ಚಿತ್ರದಲ್ಲಿ ಏನಿದೆ ಅಂತ ಓದುತ್ತಾರೆ. ಬರೀ ಬೇಟೆಯೇ ಇದೆಯೇ? ಡುಬ್ಬದ ದನ ಬಂದಿವೆಯೇ? ಹಾಗಿದ್ದರೆ ದನ ಸಾಕುವ ಕಾಲ, ನಮ್ಮ ದಕ್ಷಿಣದಲ್ಲಿ ಅದು ನವಶಿಲಾಯುಗ, ಸುಮಾರು ಕ್ರಿ.ಪೂ. 3000ದಿಂದ ಈಚೆಗೆ. ಕುದುರೆ ಮೇಲೆ ಕತ್ತಿ ಹಿಡಿದವನು ಕೂತಿದ್ದಾನೆಯೇ? ಹಾಗಾದರೆ ಕಬ್ಬಿಣ ಬಂದ ಮೇಲಿನದು ಅಂತ ಊಹಿಸುತ್ತಾರೆ.

ಅದಕ್ಕೇ "ಈ ಗವಿಯ ಚಿತ್ರಗಳು ಇಷ್ಟು ಸಾವಿರ ವರ್ಷದವು" ಅಂತ ಬೋರ್ಡಿನಲ್ಲಿ ಒಂದೇ ಸಂಖ್ಯೆ ಕಂಡರೆ ಸ್ವಲ್ಪ ನಿಂತು ಯೋಚಿಸಿ. ಒಂದೇ ಗೋಡೆ ಮೇಲೆ ಬೇರೆ ಬೇರೆ ಕಾಲದವರು ಬರೆದಿರುತ್ತಾರೆ.

ರೈಲಿನ ಕಿಟಕಿಯಿಂದ ಕಂಡ ಬೆಟ್ಟ

ಭೀಮ್‌ಬೇಟ್ಕಾ ಇರುವುದು ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯಲ್ಲಿ, ಭೋಪಾಲದಿಂದ ಸುಮಾರು 45 ಕಿಲೋಮೀಟರ್. ಭೀಮ ಕೂರುತ್ತಿದ್ದ ಜಾಗ ಅನ್ನುವ ನಂಬಿಕೆಯಿಂದ ಬಂದ ಹೆಸರು. ಸುತ್ತಲಿನ ಜನಕ್ಕೆ ಮೊದಲಿಂದಲೂ ಗೊತ್ತಿದ್ದ ಬೆಟ್ಟವೇ. 1957ರಲ್ಲಿ ವಿ. ಎಸ್. ವಾಕಣ್‌ಕರ್ ಅನ್ನುವ ಪುರಾತತ್ವ ವಿದ್ವಾಂಸರು ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಆ ಬಂಡೆಗಳ ಆಕಾರ ನೋಡಿ, ಇಂಥ ಕಡೆ ಚಿತ್ರ ಇರಲೇಬೇಕು ಅನ್ನಿಸಿ ಹುಡುಕಿಕೊಂಡು ಹೋದರು. 700ಕ್ಕೂ ಹೆಚ್ಚು ಕಲ್ಲಾಸರೆಗಳು ಅಲ್ಲಿ ಲೆಕ್ಕಕ್ಕೆ ಸಿಕ್ಕಿವೆ. 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಬರೆದವರು ಯಾರು ಅಂದರೆ, ಬೇಟೆಯಾಡಿ, ಕಾಡಿನ ಗೆಡ್ಡೆ ಹಣ್ಣು ತಿಂದು ಬದುಕಿದವರಿಂದ ಹಿಡಿದು ಕುದುರೆ ಸವಾರರ ಕಾಲದವರ ತನಕ ಹಲವರು. ಮೃಗಾಲಯ ಬಂಡೆ ಅಂತ ಕರೆಯುವ ಒಂದು ಕಡೆ ಕಾಟಿ, ಜಿಂಕೆ, ಆನೆ ಅಂತ ಪ್ರಾಣಿಗಳ ಸಂತೆಯೇ ನೆರೆದಿದೆ. ಮಧ್ಯ ಭಾರತದ ಈ ಚಿತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಜೇನು ಕೀಳುವ ದೃಶ್ಯಗಳು. ಏಣಿ ಹತ್ತಿದ ಮನುಷ್ಯ, ಸುತ್ತ ಹಾರುವ ನೊಣ. ಮಲೆನಾಡಿನ ಯಾರಿಗಾದರೂ ತೋರಿಸಿದರೆ ವಿವರಣೆಯೇ ಬೇಕಿಲ್ಲ.

ಜೇನಿನದೇ ಇನ್ನೊಂದು ಕತೆ. 2021ರಲ್ಲಿ ಭೀಮ್‌ಬೇಟ್ಕಾದ ದೊಡ್ಡ ಗವಿಯೊಂದರ ಚಾವಣಿಯಲ್ಲಿ 50 ಕೋಟಿ ವರ್ಷಕ್ಕೂ ಹಳೆಯ ಡಿಕಿನ್ಸೋನಿಯ ಅನ್ನುವ ಜೀವಿಯ ಪಳೆಯುಳಿಕೆ ಸಿಕ್ಕಿದೆ ಅಂತ ದೊಡ್ಡ ಸುದ್ದಿಯಾಯಿತು. ಆಮೇಲೆ ಮತ್ತೆ ಹೋಗಿ ನೋಡಿದಾಗ ಅದು ಬಂಡೆಗೆ ಅಂಟಿಕೊಂಡಿದ್ದ ಹೆಜ್ಜೇನು ತೊಟ್ಟಿಯ ಗುರುತು ಅಂತ ಗೊತ್ತಾಯಿತು. ಮೊದಲು ಹೇಳಿದ ತಂಡದವರೂ ತಪ್ಪನ್ನು ಒಪ್ಪಿಕೊಂಡರು. ವಿಜ್ಞಾನ ನಡೆಯಬೇಕಾದ್ದು ಹೀಗೇ ಅಂತ ನನಗೆ ಅದರ ಬಗ್ಗೆ ಗೌರವ.

ನಮ್ಮ ರಾಜ್ಯದಲ್ಲಿ ಎಲ್ಲಿ ನೋಡಬಹುದು?

ಭೋಪಾಲದ ತನಕ ಹೋಗಲೇಬೇಕು ಅಂತಿಲ್ಲ. ಬಾದಾಮಿ ಊರಿನಿಂದ ನಡೆದುಕೊಂಡೇ ಹೋಗಬಹುದಾದ ಸಿಡ್ಲಫಡಿ ಇದೆ. ಸಿಡಿಲು ಬಡಿದ ಬಂಡೆ ಅನ್ನುವ ಅರ್ಥ. ಮರಳುಗಲ್ಲಿನ ಸಹಜ ಕಮಾನು, ಚಾವಣಿಯಲ್ಲಿ ತೂತುಗಳು, ಅವುಗಳಿಂದ ಬೆಳಕು ಕೆಳಗಿಳಿಯುತ್ತದೆ. ಗೋಡೆಯಲ್ಲಿ ಕೆಂಪು ಚಿತ್ರಗಳು. ಮೊದಲ ಸಲ ಹೋದಾಗ ಹತ್ತು ನಿಮಿಷ ನನಗೆ ಏನೂ ಕಾಣಲಿಲ್ಲ. ಬಿಸಿಲಿನಿಂದ ಬಂದ ಕಣ್ಣು ನೆರಳಿಗೆ ಹೊಂದಿಕೊಳ್ಳಬೇಕು. ಸುಮ್ನೆ ಕೂತೆ. ಆಮೇಲೆ ಒಂದು ಕಲೆ ಅಂದುಕೊಂಡಿದ್ದು ಪ್ರಾಣಿಯ ಬೆನ್ನಾಯಿತು, ಪಕ್ಕದ್ದು ಕಾಲಾಯಿತು. ಒಂದು ಕಂಡ ಮೇಲೆ ಉಳಿದವೂ ಕಾಣುತ್ತಾ ಹೋದವು.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಇನ್ನೊಂದು ಲೋಕ. ಗುಡ್ಡ ಹತ್ತಿದರೆ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ ಪುಟ್ಟ ಮನೆಯಂಥ ಸಮಾಧಿಗಳು, ಜನ ಮೊರೇರ ಮನೆ ಅನ್ನುತ್ತಾರೆ. ಇಂಥ ಬೃಹತ್ ಶಿಲಾಯುಗದ ರಚನೆಗಳು ಅಲ್ಲಿ ನೂರಾರು, ದಾರಿಯ ಕಲ್ಲಾಸರೆಗಳಲ್ಲಿ ಕೆಂಪು ಚಿತ್ರಗಳು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ತಾತ್ಕಾಲಿಕ ಅಂದರೆ ದೇಶವೊಂದು "ಇದನ್ನು ಮುಂದೆ ಪರಿಗಣಿಸಿ" ಅಂತ ಕೊಡುವ ಪಟ್ಟಿ, ಮಾನ್ಯತೆ ಸಿಕ್ಕಿತು ಅಂತ ಅರ್ಥ ಅಲ್ಲ. ಆನೆಗೊಂದಿ ಸುತ್ತಲೂ ಚಿತ್ರಗಳಿವೆ. ಕುಪ್ಪಗಲ್ಲಿನ ಕುಟ್ಟುಚಿತ್ರಗಳ ಬಗ್ಗೆ ಆಗಲೇ ಹೇಳಿದೆ. ಅಲ್ಲಿನ ಕೆಲವು ಕಪ್ಪು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ, ಬಾರಿಸಿ ಬಾರಿಸಿ ಗುಳಿ ಬಿದ್ದ ಗುರುತೂ ಉಂಟು. ಚಿತ್ರದ ಜೊತೆ ಸಂಗೀತವೂ ಇತ್ತು ಅನ್ನಬೇಕು.

ಬಾಟಲಿ ನೀರು ಮಾಡುವ ಕೆಲಸ

ಸಿಡ್ಲಫಡಿಗೆ ಹೋದ ದಿನವೇ ಇದನ್ನೂ ಕಂಡೆ. ಒಬ್ಬರು ಬಾಟಲಿಯಿಂದ ನೀರು ತೆಗೆದು ಚಿತ್ರಕ್ಕೆ ಎರಚಿದರು. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ. ಕಾಣಿಸಿತು ಕೂಡ, ಒದ್ದೆ ಕಲ್ಲಿನಲ್ಲಿ ಬಣ್ಣ ಗಾಢವಾಗುತ್ತದೆ. ಬೇಡ ಅಂದೆ. "ಬರೀ ನೀರಲ್ವಾ?" ಅಂದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಆದರೆ ನನಗೆ ಇವತ್ತಿಗೂ ಸಂಕಟ.

ನೀರು ಏನು ಮಾಡುತ್ತದೆ ಅಂದರೆ, ಕಲ್ಲಿನೊಳಗಿನ ಉಪ್ಪಿನಂಶವನ್ನು ಕರಗಿಸಿಕೊಳ್ಳುತ್ತದೆ. ಒಣಗುವಾಗ ಆ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ. ಹರಳು ಬೆಳೆದ ಹಾಗೆ ಕಲ್ಲಿನ ಹೊರಪದರವನ್ನು ಒಳಗಿಂದ ತಳ್ಳುತ್ತದೆ. ಹಳೆ ಮನೆಯ ಗೋಡೆಯ ಬುಡದಲ್ಲಿ ತೇವ ಏರಿ ಗಾರೆ ಚಕ್ಕೆ ಚಕ್ಕೆಯಾಗಿ ಏಳುವುದನ್ನು ಎಲ್ಲರೂ ನೋಡಿದ್ದೇವೆ, ಅದೇ ಇಲ್ಲೂ ಆಗುವುದು. ಬಣ್ಣ ಕರಗುವುದಿಲ್ಲ ನಿಜ. ಬಣ್ಣ ಕೂತಿರುವ ಕಲ್ಲಿನ ಚಕ್ಕೆಯೇ ಉದುರುತ್ತದೆ. ಮಾಡು ಸಾವಿರಾರು ವರ್ಷ ಯಾವ ನೀರನ್ನು ತಡೆದಿತ್ತೋ ಆ ನೀರನ್ನು ನಾವೇ ಕೈಯಾರೆ ಒಳಗೆ ತಂದ ಹಾಗಾಯಿತು.

ಕೈಯಿಂದ ಸವರುವುದು, ಸೀಮೆಸುಣ್ಣದಿಂದ ಗೆರೆ ತಿದ್ದುವುದು, ಪಕ್ಕದಲ್ಲಿ ಬೆಂಕಿ ಹಚ್ಚಿ ಅಡುಗೆ ಮಾಡುವುದು, ಹೆಸರು ಕೆತ್ತುವುದು, ಯಾವುದೂ ಬೇಡ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಮಾಸಿದ ಚಿತ್ರ ಕಾಣಬೇಕೆಂದರೆ ಬೇರೆ ದಾರಿ ಇದೆ. ಫೋಟೊ ತೆಗೆದು ಆಮೇಲೆ ಡಿ-ಸ್ಟ್ರೆಚ್ ಅನ್ನುವ ತಂತ್ರಾಂಶದಲ್ಲಿ ಹಾಕಿದರೆ ಕಣ್ಣಿಗೆ ಕಾಣದ ಕೆಂಪೂ ಎದ್ದು ಬರುತ್ತದೆ. ಸಂಶೋಧಕರು ಬಳಸುವುದೂ ಅದನ್ನೇ.

ಕತ್ತಲ ಗವಿಗಳಲ್ಲಂತೂ ಉಸಿರೂ ಸಾಕು. ಫ್ರಾನ್ಸಿನ ಲಾಸ್ಕೊ ಗವಿ 1940ರಲ್ಲಿ ಸಿಕ್ಕಿತು, 1948ರಿಂದ ಜನರಿಗೆ ತೆರೆದರು. ದಿನಕ್ಕೆ ನೂರಾರು ಜನರ ಉಸಿರಿನ ತೇವ ಮತ್ತು ಇಂಗಾಲಾಮ್ಲಕ್ಕೆ ಗೋಡೆಯಲ್ಲಿ ಹಸಿರು ಪಾಚಿ ಬಂತು. 1963ರಲ್ಲಿ ಮುಚ್ಚಿದರು. 1983ರಿಂದ ಜನ ನೋಡುತ್ತಿರುವುದು ಪಕ್ಕದಲ್ಲಿ ಕಟ್ಟಿದ ನಕಲನ್ನು. ನಮ್ಮ ಕಲ್ಲಾಸರೆಗಳಲ್ಲಿ ಗಾಳಿ ಆಡುತ್ತದೆ, ಆ ಅಪಾಯ ಅಷ್ಟಿಲ್ಲ.

ಮಲೆನಾಡಿನಲ್ಲಿ ಯಾಕೆ ಕಾಣುವುದಿಲ್ಲ?

ಕೊಡಚಾದ್ರಿಯಲ್ಲಿ ಚಿತ್ರಮೂಲ ಅನ್ನುವ ಗವಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ಹೆಸರಾಗಿರುವುದು ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅನ್ನುವ ನಂಬಿಕೆಯಿಂದ, ಆದಿಮಾನವರ ಚಿತ್ರಗಳಿಂದ ಅಲ್ಲ.

ಇಷ್ಟು ಓದಿದ ಮೇಲೆ ಉತ್ತರ ನಿಮಗೇ ಹೊಳೆದಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಾದಾಮಿಯಲ್ಲಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ನಮ್ಮಲ್ಲಿ ಬಂಡೆಗೆ ಆರು ತಿಂಗಳು ಹಾವಸೆ, ಇರಚಲು ತಿರುಗದ ಮೂಲೆಯೇ ಇಲ್ಲ. ಸೋಗೆ ತಟ್ಟಿ ಕಟ್ಟಿದ ಜಗಲಿಯೇ ಒದ್ದೆಯಾಗುತ್ತದೆ. ಇನ್ನು ಬಂಡೆಗೆ ತಟ್ಟಿ ಕಟ್ಟುವವರು ಯಾರು?

ನಕ್ಷೆ ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಜೋರು ಮಳೆಯ ಪಶ್ಚಿಮದ ಪಟ್ಟಿಯಲ್ಲಿ ಹೆಸರಾದವೆಲ್ಲ ಕೆತ್ತಿದ್ದು, ಕುಟ್ಟಿದ್ದು. ರತ್ನಾಗಿರಿಯ ಜಂಬಿಟ್ಟಿಗೆ ಹಾಸಿನ ಮೇಲಿನ ದೊಡ್ಡ ದೊಡ್ಡ ಆಕೃತಿಗಳು, ಗೋವಾದ ಉಸಗಳಿಮಳದಲ್ಲಿ ಹೊಳೆ ದಂಡೆಯ ಗೂಳಿಗಳು, ನಮ್ಮ ಘಟ್ಟದ ಕೆಳಗೆ ಬೈಂದೂರು ಕಡೆಯ ಬುದ್ಧನಜೆಡ್ಡು, ವಯನಾಡಿನ ಎಡಕ್ಕಲ್. ಕೇರಳದಲ್ಲಿ ಬಣ್ಣದ ಚಿತ್ರಗಳಿಗೆ ಹೆಸರಾದ ಮರಯೂರು ಮಳೆ ನೆರಳಿನ ಒಣ ಊರು. ಕೆತ್ತಿದ್ದನ್ನು ಮಳೆ ಬೇಗ ಅಳಿಸಲಾರದು.

ಮಲೆನಾಡಿನ ಮೇಲ್ಘಟ್ಟದಲ್ಲಿ ಉಳಿದದ್ದು ಅದಕ್ಕಿಂತಲೂ ಗಟ್ಟಿಯಾದದ್ದು, ನಿಲ್ಲಿಸಿದ ಕಲ್ಲು. ಹೊಸನಗರ ತಾಲ್ಲೂಕಿನ ನಿಲಸ್ಕಲ್ ಊರಿನ ಹೆಸರಲ್ಲೇ ಅದಿದೆ. ಅಲ್ಲಿ, ಬೈಸೆಯಲ್ಲಿ, ಮುಂಬಾರಿನಲ್ಲಿ, ತೀರ್ಥಹಳ್ಳಿ ಕಡೆ ಆರಗ ಗೇಟಿನ ಹತ್ತಿರ ಬೃಹತ್ ಶಿಲಾಯುಗದವರು ನೆಟ್ಟ ಚಪ್ಪಡಿ ಕಲ್ಲುಗಳಿವೆ, ಕೆಲವು ಆಳೆತ್ತರಕ್ಕಿಂತ ದೊಡ್ಡವು. ಶ್ರೀಕುಮಾರ್ ಮೆನನ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಮೊದಲಾದವರು ಇವನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇವುಗಳಲ್ಲಿ ಕೆಲವು ಜೋಡಿ ಕಲ್ಲುಗಳು ಸೂರ್ಯ ತೀರಾ ಉತ್ತರಕ್ಕೆ ಮತ್ತು ತೀರಾ ದಕ್ಷಿಣಕ್ಕೆ ಹೋಗುವ ದಿನಗಳ ಉದಯ, ಅಸ್ತದ ದಿಕ್ಕಿಗೆ ಹೊಂದುತ್ತವೆ.

ಆ ದಿನಗಳು ಜೂನ್ 21 ಮತ್ತು ಡಿಸೆಂಬರ್ 22ರ ಆಸುಪಾಸು. ಜೂನಿನಲ್ಲಿ ಹೊಸನಗರದಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಹೋಗೋಣ ಅಂತ ಸಾಗರದ ಹುಡುಗಿಗೆ ಹೇಳಿದ್ದೇನೆ. ಬೆಳಿಗ್ಗೆ ಬೇಗ ಹೊರಡಬೇಕು, ಇಬ್ಬನಿ ಜಾಸ್ತಿ ಇರುತ್ತದೆ, ಸ್ವೆಟರ್ ಬೇಕೇ ಬೇಕು.